ಎರಡು ಸಲ ಹಾರ್ನ್ ಹೊಡೆದೆ

ಒಂಬತ್ತನೆಯ ಕಂತು

ಅಕ್ಟೋಬರ್ ಮುಗಿಯುವ ಹೊತ್ತಿಗೆ ಮರಳುದಿಬ್ಬಗಳ ಸೀಮೆಯಲ್ಲಿ ಕರುಗಳನ್ನು ತಾಯಿಯಿಂದ ಬಿಡಿಸುತ್ತಾರೆ. ಮೂರು ಹಗಲು ಮೂರು ರಾತ್ರಿ ಹಸುಗಳು ಬೇಲಿಗೆ ಎದೆಯೊತ್ತಿ ನಿಂತು ಕೂಗುತ್ತವೆ. ಊರಂಚಿನ ಹಾಯೆಕ್ ಗ್ಯಾರೇಜಿಗೂ ಆ ಕೂಗು ಬರುತ್ತಿತ್ತು. ಬೆಳಗಿನಿಂದ ಆರು ದನದ ಲಾರಿಗಳು ಹರಾಜುಕಟ್ಟೆಯ ದಾರಿ ಹಿಡಿದಿದ್ದವು. ಅವು ಎಬ್ಬಿಸಿದ ಧೂಳು ಇನ್ನೂ ನೆಲಕ್ಕೆ ಇಳಿದಿರಲಿಲ್ಲ.

ವರ್ನಾ ಹಾಯೆಕ್ ಹಳೆಯ ಪಿಕಪ್ಪಿನ ಬಾನೆಟ್ಟಿನೊಳಗೆ ಸೊಂಟದವರೆಗೂ ಬಾಗಿದ್ದಳು. ಅಪ್ಪ ಸತ್ತ ಮೇಲೆ ಹದಿನಾರು ವರ್ಷ ಈ ಗ್ಯಾರೇಜು ನಡೆಸಿ, ಆಮೇಲೆ ಶೆರಿಫನ ಡೆಪ್ಯುಟಿಯಾಗಿ ಬಿಲ್ಲೆ ಕಟ್ಟಿಕೊಂಡವಳು. ಬಿಲ್ಲೆ ಈಗ ಬೆಂಚಿನ ಮೇಲೆ, ಸ್ಪಾನರುಗಳ ಪಕ್ಕದಲ್ಲಿ ಬಿದ್ದಿತ್ತು.

ಗಾಡಿ ಎಪ್ಪತ್ತೊಂಬತ್ತರದ್ದು. ಹನ್ನೊಂದು ದಿನದ ಹಿಂದೆ ಇದೇ ಗಾಡಿ ಹಿಂದಕ್ಕೆ ಬಂದು, ಅದರ ಯಜಮಾನ ಲೈಲ್ ಬ್ರಾಂಟನನ್ನು ದನ ಹತ್ತಿಸುವ ಕಟ್ಟೆಯ ಕಂಬಕ್ಕೆ ಒತ್ತಿ ಕೊಂದಿತ್ತು. ಓಡಿಸಿದ್ದು ನಾನೇ, ಕುಡಿದಿದ್ದೆ ಎಂದು ಲೈಲನ ಆಳು ಅರ್ಲೋ ಟೀಸನ್ ಅದೇ ದಿನ ಸಹಿ ಹಾಕಿ ಕೊಟ್ಟಿದ್ದ.

ಆ ಹೇಳಿಕೆಯ ಒಂದು ಸಾಲು ವರ್ನಾಳ ತಲೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು. ‘ಎರಡು ಸಲ ಹಾರ್ನ್ ಹೊಡೆದೆ. ಆಮೇಲೆ ಹಿಂದಕ್ಕೆ ಬಿಟ್ಟೆ. ಅವನು ಸರಿಯಲಿಲ್ಲ.’

ಲೈಲನಿಗೆ ಎಪ್ಪತ್ತಾದರೂ ಕಿವಿ ಚುರುಕು. ದಿಬ್ಬದಾಚೆ ಕರು ಕೆಮ್ಮಿದರೆ ಯಾವ ಕರು ಎಂದು ಹೇಳುತ್ತಿದ್ದ. ಅಂಥವನು ಬೆನ್ನ ಹಿಂದೆ ಎರಡು ಸಲ ಹಾರ್ನ್ ಕೇಳಿಯೂ ಕಂಬದಂತೆ ನಿಂತನೆ?

“ಇನ್ನೂ ಮುಗೀಲಿಲ್ವೇನಮ್ಮಾ ತಾಯಿ, ನಿನ್ನ ಸಂಗೀತ ಕಚೇರಿ?” ಶೆರಿಫ್ ಮಾರ್ವಿನ್ ಪೋಸ್ಟ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಶುರುನೇ ಆಗಿಲ್ಲ. ಬಂದಿದೀಯಲ್ಲ, ಒಳಗೆ ಕೂತು ಹಾರ್ನ್ ಒತ್ತು.”

“ಹನ್ನೊಂದು ದಿನ ಬಿಟ್ಟು ಇವತ್ತು ಹಾರ್ನ್ ನೋಡ್ತಿದೀಯ.”

“ಬ್ಯಾಟರಿ ಕಳಚಿ ಶೆಡ್ಡಿಗೆ ಬೀಗ ಹಾಕಿ, ಬೀಗದಕೈ ಜೇಬಲ್ಲಿಟ್ಕೊಂಡು ಮೀನು ಹಿಡಿಯೋಕೆ ಹೋದೋರು ಯಾರು? ಒತ್ತು ಅಂದ್ನಲ್ಲ.”

ಮಾರ್ವಿನ್ ಗೊಣಗುತ್ತ ಒಳಗೆ ಕೈ ಚಾಚಿ ಸ್ಟೀರಿಂಗಿನ ನಡುವಿನ ಗುಂಡಿ ಒತ್ತಿದ. ಎಲ್ಲೋ ಒಂದು ‘ಟಕ್’. ಮತ್ತೇನೂ ಇಲ್ಲ.

“ಟಕ್ ಅಂದಿದ್ದು ರಿಲೇ,” ಎಂದಳು ವರ್ನಾ. “ಅಂದ್ರೆ ಗುಂಡಿ ಸರಿಯಿದೆ, ಸ್ಟೀರಿಂಗ್ ಒಳಗಿನ ವೈರು ಸರಿಯಿದೆ. ತಡಿ.” ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಚೂಪು ತುದಿಯನ್ನು ಹಾರ್ನಿಗೆ ಬರುವ ವೈರಿನ ಮೂತಿಗೆ ಚುಚ್ಚಿದಳು. “ಇನ್ನೊಂದ್ಸಲ.”

ದೀಪ ಹೊತ್ತಿತು. ಹಾರ್ನ್ ಮಾತ್ರ ಸತ್ತ ಹಾಗೆಯೇ ಇತ್ತು.

“ಕರೆಂಟು ಹಾರ್ನಿನ ತನಕ ಬಂದಿದೆ,” ಎಂದಳು.

“ಹಾಗಾದ್ರೆ ಹಾರ್ನೇ ಸುಟ್ಟುಹೋಗಿರ್ಬೇಕು. ನಡಿ ಊಟಕ್ಕೆ.”

ವರ್ನಾ ಗೋಡೆಯ ಮೇಲಿನ ಸುರುಳಿಯಿಂದ ಒಂದು ಮೊಳ ವೈರು ಎಳೆದು, ಒಂದು ತುದಿಯನ್ನು ಹಾರ್ನಿನ ಕಬ್ಬಿಣದ ಪಟ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದಳು.

“ಈಗ ಒತ್ತು.”

ಗ್ಯಾರೇಜಿನ ತಗಡಿನ ಮಾಡು ಹಾರಿಹೋಗುವಂತೆ ಹಾರ್ನ್ ಅರಚಿತು. ಮಾರ್ವಿನ್ನನ ಕಾಫಿ ಅವನ ಅಂಗಿಯ ಮೇಲಿತ್ತು.

“ಥೂ ನಿನ್ನ! ಹೇಳೋದಲ್ವೇ?”

“ಹಾರ್ನ್ ಗಟ್ಟಿಯಾಗಿದೆ. ಅರ್ತ್ ಇಲ್ಲ ಅಷ್ಟೆ. ಹೋದ ಕರೆಂಟು ವಾಪಸ್ ಬರೋಕೆ ದಾರಿ ಬೇಕಲ್ಲ. ಈ ಹಳೇ ಗಾಡಿಗಳಲ್ಲಿ ಅದಕ್ಕೆ ಬೇರೆ ವೈರು ಇಡ್ತಿರಲಿಲ್ಲ. ಹಾರ್ನನ್ನ ಮುಂದಿನ ತಗಡಿಗೆ ಬಿಗಿದಿರೋ ಬೋಲ್ಟೇ ಅರ್ತ್. ಆ ಬೋಲ್ಟು ತಗಡನ್ನ ಕಚ್ಚಿಲ್ಲ.”

ಅವಳು ಟಾರ್ಚು ಬಿಟ್ಟು ಬಹಳ ಹೊತ್ತು ಆ ಬೋಲ್ಟನ್ನೇ ನೋಡಿದಳು. ತಲೆಯ ಸುತ್ತ ಎಣ್ಣೆ, ಧೂಳು, ಹುಲ್ಲಿನ ಬೀಜ ಸೇರಿ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಇತ್ತೀಚೆಗೆ ಸ್ಪಾನರು ತಾಕಿದ ಗುರುತಿಲ್ಲ. ನಾಲ್ಕು ಫೋಟೋ ತೆಗೆದಳು. ಆಮೇಲೆ ಬಿಚ್ಚಿದಳು.

ಪಟ್ಟಿಯ ಕೆಳಗೊಂದು ಮೇಲೊಂದು, ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ತುಂಡು. ಅದರಡಿ, ರಂಧ್ರದ ಒಳಗೂ ಬಿಡದೆ, ಎರಡು ಕೈ ಬಳಿದ ಟ್ರ್ಯಾಕ್ಟರಿನ ಕೆಂಪು ಬಣ್ಣ. ಬಣ್ಣದ ಮೇಲೆ ಒಂದು ಗೀರೂ ಇಲ್ಲ.

ವರ್ನಾಳಿಗೆ ನಗು ಬರಬೇಕಿತ್ತು. ಈ ಸೀಮೆಯ ರೈತರು ತಮ್ಮ ಗಾಡಿಯನ್ನು ಹೀಗೆಯೇ ಹಾಳು ಮಾಡುವುದು. ಗಡಗಡ ಅಂದಲ್ಲೆಲ್ಲ ಟ್ಯೂಬಿನ ರಬ್ಬರು, ತುಕ್ಕು ಕಂಡಲ್ಲೆಲ್ಲ ಟ್ರ್ಯಾಕ್ಟರಿನ ಬಣ್ಣ. ಹದಿನಾರು ವರ್ಷ ಅವಳು ಅಂಥ ಬಣ್ಣ ಕೆರೆದೇ ಹೊಟ್ಟೆ ಹೊರೆದಿದ್ದಳು. ನಗು ಬರಲಿಲ್ಲ. ಗಾಳಿ ಸೋಸುವ ಡಬ್ಬಿಯ ಮುಚ್ಚಳದ ಮೇಲೆ ಟಾರ್ಚು ಬಿಟ್ಟಳು. ಎಲ್ಲರ ಹಾಗೆ ಲೈಲನೂ ಎಣ್ಣೆ ಬದಲಿಸಿದ ತಾರೀಕು, ಮಾಡಿದ ರಿಪೇರಿ ಎಲ್ಲವನ್ನೂ ಅಲ್ಲೇ ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದ. ಕೊನೆಯ ಸಾಲು ಸ್ಪಷ್ಟವಾಗಿತ್ತು: ‘ಸೆಪ್ಟೆಂಬರ್ 6. ಜಿಂಕೆ ಬಡಿದದ್ದು ರಿಪೇರಿ. ಮುಂದಿನ ತಗಡು ಬಳಿದೆ.’

“ಆರನೇ ತಾರೀಕಿನಿಂದ ಈ ಹಾರ್ನ್ ಕೂಗಿಲ್ಲ,” ಎಂದಳು. “ಲೈಲ್ ಸತ್ತಿದ್ದು ಅಕ್ಟೋಬರ್ ಹತ್ತೊಂಬತ್ತಕ್ಕೆ.”

“ಅರ್ಲೋನೇ ಆಮೇಲೆ ಏನಾದ್ರೂ ಬಿಚ್ಚಿ...”

“ಆಮೇಲೆ ಅರ್ಲೋ ನಿನ್ನ ಜೈಲಲ್ಲಿದ್ದ, ಗಾಡಿ ನಿನ್ನ ಬೀಗದೊಳಗಿತ್ತು. ಬೋಲ್ಟಿನ ಮೇಲಿನ ಕೊಳೆ ಎರಡು ತಿಂಗಳಿಂದು. ಬೇರೆ ಏನಾದ್ರೂ ಹೇಳು.”

“ಸರಿ, ಸುಳ್ಳು ಹೇಳಿದಾನೆ! ಕುಡುಕ ಸುಳ್ಳು ಹೇಳೋದು ನಿನಗೆ ಹೊಸದಾ? ಸೋಮವಾರ ಒಂಬತ್ತಕ್ಕೆ ಜಡ್ಜ್ ಬರ್ತಾರೆ. ಅವನು ತಪ್ಪಾಯ್ತು ಅಂತಾನೆ, ಅವರು ಶಿಕ್ಷೆ ಹಾಕ್ತಾರೆ. ಇಪ್ಪತ್ತು ವರ್ಷ ಹಾಕ್ಲಿ ಮೂವತ್ತು ಹಾಕ್ಲಿ, ಅರವತ್ತೊಂದರ ಮನುಷ್ಯನಿಗೆ ಎರಡೂ ಒಂದೇ. ಒಪ್ಪಿಕೊಂಡವನ ಕೇಸಿಗೆ ಹಾರ್ನ್ ಯಾಕೆ ಬೇಕು ನಿನಗೆ?”

ವರ್ನಾ ಸ್ಪಾನರನ್ನು ಬೆಂಚಿನ ಮೇಲೆ ಎಸೆದಳು. ಬಿಲ್ಲೆ ಎಗರಿ ನೆಲಕ್ಕೆ ಬಿತ್ತು.

“ಹಾರ್ನ್ ಒತ್ತಿದವನಿಗೆ ಅದು ಕೂಗಲಿಲ್ಲ ಅಂತ ಗೊತ್ತಿರುತ್ತೆ, ಮಾರ್ವಿನ್. ಇವನಿಗೆ ಗೊತ್ತಿಲ್ಲ. ಇವನು ಆ ಸೀಟಲ್ಲೇ ಕೂತಿರಲಿಲ್ಲ.”

•

ನ್ಯಾಯಾಲಯದ ನೆಲಮಾಳಿಗೆಯಲ್ಲಿ ಮೂರು ಕೋಣೆಗಳು. ಎರಡು ಖಾಲಿ. ಮೂರನೆಯದರಲ್ಲಿ ಅರ್ಲೋ ಟೀಸನ್ ಮಂಚದ ಅಂಚಿನಲ್ಲಿ ಕೂತು ಮಧ್ಯಾಹ್ನದ ಹುರುಳಿ ಸೂಪು ತಿನ್ನುತ್ತಿದ್ದ. ಉದ್ದನೆಯ ಆಳು. ಮೊಣಕಾಲು ಎದೆಗೆ ಬರುವಂತೆ ಮಡಿಸಿಕೊಂಡಿದ್ದ.

ವರ್ನಾ ಕುರ್ಚಿ ಎಳೆದು ಸರಳಿನ ಎದುರು ಹಾಕಿದಳು. ಕೂರಲಿಲ್ಲ.

“ಹಾರ್ನ್ ಎಷ್ಟು ಸಲ ಹೊಡೆದೆ?”

“ಬರ್ಕೊಟ್ಟಿದೀನಲ್ಲ.”

“ಬಾಯಲ್ಲಿ ಹೇಳು.”

“ಎರಡು.”

“ಜೋರಾಗಿ ಕೂಗ್ತಾ?”

“ಹಾರ್ನ್ ಕೂಗದೆ ಹಾಡುತ್ತಾ? ಏನ್ ಕೇಳ್ತಿದೀಯ?”

“ಆ ಹಾರ್ನ್ ಸೆಪ್ಟೆಂಬರಿಂದ ಸತ್ತು ಬಿದ್ದಿದೆ ಅರ್ಲೋ. ಲೈಲ್ ತಗಡಿಗೆ ಬಣ್ಣ ಬಳಿದು, ರಬ್ಬರ್ ಇಟ್ಟು ಬಿಗಿದು ಅದರ ಉಸಿರು ನಿಲ್ಲಿಸಿದ್ದ. ಹಿಂಡಿ ಹಾಕೋವಾಗ ಹಸುಗಳನ್ನ ಕರಿಯೋಕೆ ಹಾರ್ನ್ ಬದಲು ಬಾಗಿಲು ಬಡೀತಿದ್ದ. ಅವನ ಉಂಗುರ ತಾಗಿ ಬಾಗಿಲಿನ ಹೊರಗೆ ಬಣ್ಣವೇ ಎದ್ದು ಹೋಗಿದೆ, ಇವತ್ತು ಬೆಳಗ್ಗೆ ಕಣ್ಣಾರೆ ನೋಡಿದೆ. ನಿನಗೆ ಗೊತ್ತಿರಲಿಲ್ಲ. ಯಾಕೆ ಗೊತ್ತಾ? ಬೇಸಿಗೆಯಿಂದ ನೀನಿದ್ದದ್ದು ಆರು ಮೈಲಿ ಆಚೆ, ಬಡಗಣ ಹುಲ್ಲುಗಾವಲಲ್ಲಿ, ಟ್ರ್ಯಾಕ್ಟರ್ ಮೇಲೆ. ಆ ಪಿಕಪ್ಪನ್ನ ನೀನು ಮುಟ್ಟೇ ಇರಲಿಲ್ಲ.”

ಅರ್ಲೋ ಚಮಚವನ್ನು ತಟ್ಟೆಯಲ್ಲಿಟ್ಟ. ಮೆಲ್ಲಗೆ, ಶಬ್ದವಾಗದಂತೆ.

“ಸುಳ್ಳು ಹೇಳಿದೆ. ತಪ್ಪು ಕಡಿಮೆ ಕಾಣ್ಲಿ ಅಂತ. ಬರ್ಕೋ.”

“ತಪ್ಪು ಕಡಿಮೆ ಕಾಣ್ಬೇಕಾದವನು ಕುಡಿದಿದ್ದೆ ಅಂತ ತಾನಾಗೇ ಬರ್ಕೊಡ್ತಾನಾ? ನನ್ನನ್ನ ಯಾರು ಅಂದ್ಕೊಂಡಿದೀಯ?”

“ಕುಡಿದಿದ್ದೆ. ನಿಮ್ಮ ಶೆರಿಫೇ ಮೂಸಿದಾನೆ.”

“ಕುಡಿದಿದ್ದೆ. ಆದ್ರೆ ನೀನು ಕುಡಿದದ್ದು ಯಾವಾಗ? ಲೈಲ್ ಸತ್ತ ಮೇಲೆ. ಚಳಿ ಹಿಡಿದ ಕರುಗಳಿಗೆ ಅಂತ ಔಷಧಿ ಗೂಡಲ್ಲಿಟ್ಟಿದ್ದ ವಿಸ್ಕಿ. ಶೀಶೆ ಅಲ್ಲೇ ಖಾಲಿ ಬಿದ್ದಿತ್ತು. ಇಪ್ಪತ್ತೆರಡು ವರ್ಷ ಒಂದು ತೊಟ್ಟು ಮುಟ್ಟದವನು! ಒಂದು ಸುಳ್ಳನ್ನ ನಿಜ ಮಾಡೋಕೆ ಅದನ್ನೂ ಸುಟ್ಟುಕೊಂಡೆಯಲ್ಲೋ, ದಡ್ಡ!”

ಅರ್ಲೋ ಎದ್ದ. ಅವನ ತಲೆ ಚಾವಣಿಯ ಪೈಪಿಗೆ ಇನ್ನೇನು ತಾಗುವಂತಿತ್ತು. ಎರಡು ಕೈಯಲ್ಲೂ ಸರಳು ಹಿಡಿದ.

“ಹೋಗೇ ಇಲ್ಲಿಂದ! ಯಾರು ಕರೆದ್ರು ನಿನ್ನ? ಸಹಿ ಹಾಕಿದೀನಿ, ಒಳಗಿದೀನಿ, ಕೊಟ್ಟಿದ್ದು ತಿಂತಿದೀನಿ. ಇನ್ನೇನು ಬೇಕು ನಿನಗೆ? ಗಾಡಿ ರಿಪೇರಿ ಮಾಡೋಳು ಗಾಡಿ ರಿಪೇರಿ ಮಾಡು!”

“ಮಾಡಿದೀನಿ. ಅದಕ್ಕೇ ಬಂದಿದೀನಿ. ನೀನು ಯಾರಿಗೋಸ್ಕರ ಸಾಯೋ ತನಕ ಒಳಗಿರೋಕೆ ರೆಡಿ ಅಂತ ನನಗೆ ಗೊತ್ತು. ಈ ಜಿಲ್ಲೇಲಿ ಅಂಥವರು ಒಬ್ಬರೇ. ನಾನು ಹೇಳ್ಲಾ, ನೀನೇ ಹೇಳ್ತೀಯಾ?”

ಅರ್ಲೋನ ಮುಖದಿಂದ ಸಿಟ್ಟು ಇಳಿಯಲಿಲ್ಲ. ಅದರ ಕೆಳಗೆ ಇನ್ನೊಂದು ಬಂದು ಕೂತಿತು. ಹೆದರಿಕೆ.

“ಅವರ ಹೆಸರು ಎತ್ತಬೇಡ, ವರ್ನಾ.”

ಹೆಸರು ಇಬ್ಬರಿಗೂ ಗೊತ್ತಿತ್ತು. ಲೈಲನ ಹೆಂಡತಿ ರೊಸೆಲ್ಲಾ ಬ್ರಾಂಟ್. ಇಪ್ಪತ್ತೆರಡು ವರ್ಷದ ಹಿಂದೆ, ಜನವರಿಯ ಹಿಮಗಾಳಿಯಲ್ಲಿ, ಕುಡಿದು ರಸ್ತೆ ಪಕ್ಕದ ಹಳ್ಳದಲ್ಲಿ ಮರಗಟ್ಟಿ ಬಿದ್ದಿದ್ದ ಅರ್ಲೋನನ್ನು ಒಬ್ಬಳೇ ಎಳೆದು ಗಾಡಿಗೆ ಹಾಕಿಕೊಂಡವಳು. ಅವನ ಎರಡು ಕಾಲ್ಬೆರಳು ಹೋದವು, ಜೀವ ಉಳಿಯಿತು. ಮೂರು ದಿನ ಇದ್ದು ಹೋಗಲಿ ಎಂದಿದ್ದ ಲೈಲ್. ಚಳಿಗಾಲ ಕಳೆಯಲಿ ಎಂದಿದ್ದಳು ಅವಳು. ಅರ್ಲೋ ಹೋಗಲೇ ಇಲ್ಲ.

“ಏನು ನೋಡಿದೆ?” ವರ್ನಾ ಈಗ ಕೂತಳು. “ಒಂದೊಂದಾಗಿ ಹೇಳು.”

ಮೇಲಿನ ಅಂತಸ್ತಿನಲ್ಲಿ ಯಾರೋ ಟೈಪು ಹೊಡೆಯುತ್ತಿದ್ದರು.

“ಒಂಬತ್ತು ಗಂಟೆ ಇರ್ಬೇಕು,” ಎಂದ ಕೊನೆಗೆ. “ಹುಲ್ಲು ಹೇರ್ಕೊಂಡು ದಿಬ್ಬ ಹತ್ತಿದೆ. ಮೇಲಿಂದ ಅಂಗಳ ಕಾಣುತ್ತಲ್ಲ. ಪಿಕಪ್ಪು ಕಟ್ಟೆಗೆ ಒತ್ಕೊಂಡು ನಿಂತಿತ್ತು. ಅವರು ಅದರ ಹತ್ತಿರದಿಂದ ಕೊಟ್ಟಿಗೆ ಹಿಂದಕ್ಕೆ ಹೋದ್ರು. ಇಳಿದು ಬಂದು ನೋಡಿದ್ರೆ ಎಂಜಿನ್ ಇನ್ನೂ ಓಡ್ತಿದೆ, ಸೀಟಲ್ಲಿ ಯಾರೂ ಇಲ್ಲ. ಲೈಲ್ ಮಧ್ಯದಲ್ಲಿ. ಗಾಡಿ ಮುಂದಕ್ಕೆ ತೆಗೆದೆ. ಏನೂ ಉಳಿದಿರಲಿಲ್ಲ.”

“ಆಮೇಲೆ ರೊಸೆಲ್ಲಾನ ಹುಡುಕಿದೆಯಾ?”

“ಇಲ್ಲ. ಎದುರಿಗೆ ನಿಂತು ಏನು ಕೇಳ್ಲಿ? ಕಣ್ಣು ಮಂಜಾಗಿದೆ ಅಂತ ಏಪ್ರಿಲಲ್ಲೇ ಅವರ ಲೈಸೆನ್ಸ್ ಕಿತ್ಕೊಂಡ್ರಿ ನೀವು. ಅಂಗಳದಲ್ಲಿ ಆಗೀಗ ಓಡಿಸ್ತಾರೆ, ಎಲ್ಲರಿಗೂ ಗೊತ್ತು. ಹಿಂದೆ ಲೈಲ್ ನಿಂತಿದ್ದು ಕಂಡಿರಲ್ಲ ಅಷ್ಟೆ. ಗಂಡನ್ನೇ ಒತ್ತಿಬಿಟ್ರು ಅಂತ ಜನ ಆಡ್ಕೊಳ್ಳೋದು, ನೀವು ಎಳಕೊಂಡು ಹೋಗೋದು... ಎಪ್ಪತ್ತೊಂದು ವರ್ಷ ಅವರಿಗೆ. ನನಗಾದ್ರೆ ಯಾರಿದಾರೆ?”

“ಹಾರ್ನ್ ಯಾಕೆ ಸೇರಿಸಿದೆ?”

ಅವನ ದನಿ ಮೊದಲ ಸಲ ಮೆತ್ತಗಾಯಿತು. “ಆ ಅಂಗಳದಲ್ಲಿ ಎರಡು ಸಲ ಹಾರ್ನ್ ಹೊಡೀದೆ ಯಾರೂ ಗಾಡಿ ಹಿಂದಕ್ಕೆ ಬಿಡಲ್ಲ. ಲೈಲ್ ಹಾಕಿದ್ದ ಕಟ್ಟಳೆ ಅದು. ಅವರೂ ಹೊಡೆದೇ ಇರ್ತಾರೆ. ಓಡಿಸ್ದವರು ಎಚ್ಚರ ತಪ್ಪಲಿಲ್ಲ ಅಂತ ಎಲ್ಲಾದ್ರೂ ಒಂದು ಕಡೆ ಬರೆದಿರ್ಲಿ ಅನ್ನಿಸ್ತು. ನನ್ನ ಹೆಸರಲ್ಲೇ ಇರ್ಲಿ.”

ವರ್ನಾಳ ಸಿಟ್ಟು ಇಮ್ಮಡಿಯಾಯಿತು.

“ಮುಖ ನೋಡಿದೆಯಾ?”

“ಅಷ್ಟು ದೂರದಿಂದ ಮುಖ ಎಲ್ಲಿ ಕಾಣುತ್ತೆ? ಕೋಟು ನೋಡಿದೆ. ಕೆಂಪು ಕಪ್ಪು ಚೌಕಳಿ ಕೋಟು, ಕೊಟ್ಟಿಗೆ ಕೆಲಸಕ್ಕೆ ಹಾಕ್ಕೋತಾರಲ್ಲ ಅದು. ತಲೇಗೆ ಬಟ್ಟೆ. ಓಡ್ತಾ ಹೋದ್ರು.”

“ಏನು ಮಾಡ್ತಾ?”

“ಓಡ್ತಾ.”

“ಅರ್ಲೋ, ರೊಸೆಲ್ಲಾಗೆ ಸೊಂಟದಲ್ಲಿ ಸ್ಟೀಲ್ ಕೂರಿಸಿ ಎರಡು ವರ್ಷ ಆಯ್ತು. ಚರ್ಚಿನ ಮೂರು ಮೆಟ್ಟಿಲು ಹತ್ತೋಕೆ ಅವರಿಗೆ ಇಬ್ಬರು ಹಿಡ್ಕೋಬೇಕು.”

ಅವನು ಸರಳಿಗೆ ಹಣೆ ಒತ್ತಿದ.

“ಹೆದರಿಕೆಗೆ... ಹೆದರಿದ್ರೆ ಓಡ್ತಾರೆ ಯಾರಾದ್ರೂ.”

“ಆವತ್ತು ಬೆಳಗ್ಗೆ ಆರೂವರೆಗೆ ನಮ್ಮ ಲಿಬ್ಬಿ ಚಿಕ್ಕಮ್ಮ ಬಂದು ಅವರನ್ನ ಕಾರಲ್ಲಿ ಕರ್ಕೊಂಡು ಹೋದ್ರು. ಶನಿವಾರದ ಚರ್ಚಿನ ಊಟಕ್ಕೆ ಕೊಲಾಚಿ ಬನ್ನು ಮಾಡೋಕೆ. ಹನ್ನೆರಡು ಗಂಟೆ ತನಕ ರೊಸೆಲ್ಲಾ ಅಲ್ಲೇ ಕೂತು ಹಿಟ್ಟಿಗೆ ಗಸಗಸೆ ತುಂಬ್ತಿದ್ರು. ಒಂಬತ್ತು ಜನ ಹೆಂಗಸರು ನೋಡಿದಾರೆ. ಮನೆಗೆ ಬರೋ ಹೊತ್ತಿಗೆ ನೀನು ಮಾರ್ವಿನ್ ಕಾರಲ್ಲಿ ಹೋಗಿಯಾಗಿತ್ತು. ನೀನು ಕೇಳಲಿಲ್ಲ, ನಾವು ಹೇಳಲಿಲ್ಲ. ನೀನು ಅವರನ್ನ ಕಂಡೆ ಅಂದ್ಕೊಂಡಿದೀಯ ಅಂತ ಯಾರ ಕನಸಲ್ಲಿತ್ತು?”

ಅರ್ಲೋ ಸರಳು ಬಿಟ್ಟು ಹಿಂದೆ ಸರಿದ. ಮಂಚ ಮೊಣಕಾಲಿಗೆ ತಗುಲಿ ಕೂತ.

“ಸುಳ್ಳು.”

“ಸುಳ್ಳು ಹೇಳೋದು ನಿನ್ನ ಕಸುಬು ಈಗ, ನಂದಲ್ಲ.”

ವರ್ನಾ ಎದ್ದು ಗೋಡೆಯ ಫೋನಿಗೆ ಹೋದಳು. ಬ್ರಾಂಟರ ಮನೆಯ ನಂಬರು ತಿರುಗಿಸಿ, ಅವನಿಗೂ ಕೇಳಲಿ ಎಂದು ರಿಸೀವರನ್ನು ಕಿವಿಯಿಂದ ಅರ್ಧ ಗೇಣು ದೂರ ಹಿಡಿದಳು. ಏಳು ಸಲ ಬಡಿದುಕೊಂಡ ಮೇಲೆ ಎತ್ತಿದರು.

“ರೊಸೆಲ್ಲಾ ಅವರೇ, ವರ್ನಾ ಹಾಯೆಕ್. ಒಂದೇ ಮಾತು. ನಿಮ್ಮ ಕೊಟ್ಟಿಗೆ ಕೋಟು, ಚೌಕಳಿದು, ಎಲ್ಲಿದೆ?”

“ಕೋಟಾ?” ಮುದುಕಿಯ ದನಿ ಒಣ ಕಟ್ಟಿಗೆಯ ಹಾಗಿತ್ತು. “ಹಿಂಬಾಗಿಲ ಮೊಳೇಲಿದೆ. ಎಲ್ಲಿರುತ್ತೆ ಮತ್ತೆ? ನಾನೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ. ಅದನ್ನ ಒಗೆದೋರು ಯಾರು?”

“ಒಗೆದಿದಾರಾ?”

“ಸೋಪಿನ ವಾಸನೆ ಹೊಡೀತಿದೆ. ಕೊಟ್ಟಿಗೆ ಕೋಟನ್ನ ಯಾರಮ್ಮ ಒಗೀತಾರೆ ಚಳಿಗಾಲದಲ್ಲಿ? ದನಗಳೇ ಹತ್ರ ಬರಲ್ಲ. ನಲವತ್ತು ವರ್ಷದಿಂದ ವಸಂತ ಬಂದ್ಮೇಲೇನೇ ನಾನದನ್ನ ನೀರಿಗೆ ಹಾಕೋದು. ಸಾವಿನ ಮನೆ ಅಂತ ಸಹಾಯಕ್ಕೆ ಬಂದೋರು ಒಗೆದ್ರೇನೋ ಅಂತ ಒಬ್ಬೊಬ್ಬರನ್ನೂ ಕೇಳ್ದೆ. ಯಾರೂ ಇಲ್ಲ ಅಂದ್ರು. ನಿಮ್ಮ ಪೊಲೀಸ್ನೋರ ಕೆಲಸವಾ ಇದು?”

“ಅಲ್ಲ. ಅದನ್ನ ಮುಟ್ಟಬೇಡಿ, ಯಾರಿಗೂ ಕೊಡಬೇಡಿ. ಅರ್ಧ ಗಂಟೇಲಿ ಬರ್ತೀನಿ. ಮನೇಲಿ ಇನ್ಯಾರಿದಾರೆ?”

“ಯಾರಿರ್ತಾರೆ? ಇದ್ದೊಬ್ಬನನ್ನ ಅವನು ಕೊಂದ. ನಾನು ಹಳ್ಳದಿಂದ ಎತ್ಕೊಂಡು ಬಂದವನು, ನನ್ನ ಮೇಜಲ್ಲಿ ಉಂಡವನು, ಕುಡಿದು ಬಂದು ಕೊಂದ. ಅವನ ಪರವಾಗಿ ಫೋನ್ ಮಾಡಿದ್ರೆ ಕೇಳು ವರ್ನಾ, ಆವತ್ತು ಆ ಹಳ್ಳದಲ್ಲೇ ಬಿಟ್ಟು ಬರ್ಬೇಕಿತ್ತು ನಾನು.”

ಫೋನು ಕಟ್ಟಾಯಿತು.

ವರ್ನಾ ರಿಸೀವರನ್ನು ಕೊಕ್ಕೆಗೆ ಸಿಕ್ಕಿಸಿ ಒಂದು ಗಳಿಗೆ ಗೋಡೆ ನೋಡುತ್ತ ನಿಂತಳು. ಕೋಟು ತೊಟ್ಟವನೋ ತೊಟ್ಟವಳೋ, ಆ ಮನೆಯ ಹಿಂಬಾಗಿಲು ಬಲ್ಲವರು. ಕೆಂಪು ಚೌಕಳಿ ಕಂಡರೆ ಅರ್ಲೋ ಬಾಯಿ ಬಿಡುವುದಿಲ್ಲ ಎಂದು ಬಲ್ಲವರು. ಸಾವಿನ ಮನೆಗೆ ಬಂದು, ಅತ್ತವರ ನಡುವೆ ನಿಂತು, ಒಗೆದ ಕೋಟನ್ನು ಮತ್ತೆ ಮೊಳೆಗೆ ನೇತು ಹಾಕಿ ಹೋದವರು.

ತಿರುಗಿದಳು. ಅರ್ಲೋ ಅಳುತ್ತಿರಲಿಲ್ಲ. ಅವನ ಹಣೆಯ ನರ ಉಬ್ಬಿ, ದವಡೆ ಕಲ್ಲಿನ ಹಾಗೆ ಬಿಗಿದಿತ್ತು. ಸೂಪಿನ ತಟ್ಟೆಯನ್ನು ಎತ್ತಿ ಜೋರಾಗಿ ಗೋಡೆಗೆ ಬೀಸಿದ. ಹುರುಳಿಕಾಳು ಸಿಮೆಂಟಿನ ಮೇಲಿಂದ ಜಾರಿ ಇಳಿಯಿತು.

“ಅವರ ಋಣ ಒಂಚೂರೂ ತೀರಿಲ್ಲ,” ಎಂದ. “ಹನ್ನೊಂದು ದಿನದಿಂದ ನಾನು ಇಲ್ಲಿ ಕೂತು ಕಾಪಾಡ್ತಿರೋದು ಯಾರನ್ನ, ವರ್ನಾ?”